ಬ್ಲೂ-ರೇ, ಎಚ್‌ಡಿ ಡಿವಿಡಿ: ಲ್ಯಾಪ್‌ಟಾಪ್ ಡ್ರೈವ್ ಮೇಲಿನ ಈ ಹೆಸರುಗಳ ಅರ್ಥ ಏನು?

ಹಳೇ ಲ್ಯಾಪ್‌ಟಾಪ್‌ಗಳನ್ನು ನೋಡುವಾಗ ಕೆಲವದರ ಡ್ರೈವ್ ಮೇಲೆ 'ಎಚ್‌ಡಿ ಡಿವಿಡಿ' ಅಂತ ಇರುತ್ತದೆ, ಇನ್ನು ಕೆಲವದರ ಮೇಲೆ 'ಬ್ಲೂ-ರೇ' ಅಂತ. ಎರಡೂ ಹೈ ಡೆಫಿನಿಷನ್ ಸಿನಿಮಾಕ್ಕಾಗಿ ಬಂದ ಡಿಸ್ಕುಗಳೇ. ಎರಡೂ 12 ಸೆಂ.ಮೀ. ಅಗಲ, 1.2 ಮಿ.ಮೀ. ದಪ್ಪ. ಕೈಯಲ್ಲಿ ಹಿಡಿದರೆ ಮಾಮೂಲಿ ಡಿವಿಡಿ ಥರಾನೇ. ಆದರೆ ಒಂದರ ಡಿಸ್ಕ್ ಇನ್ನೊಂದರ ಡ್ರೈವ್‌ನಲ್ಲಿ ಓಡುವುದಿಲ್ಲ. ಹೀಗೆ ಒಂದೇ ಕೆಲಸಕ್ಕೆ, ಒಂದಕ್ಕೊಂದು ಹೊಂದದ ಎರಡು ಮಾದರಿಗಳು ಮಾರುಕಟ್ಟೆಗೆ ಬಂದು ಗುದ್ದಾಡುವುದಕ್ಕೆ 'ಫಾರ್ಮ್ಯಾಟ್ ವಾರ್' ಅನ್ನುತ್ತಾರೆ. ವಿಡಿಯೊ ಕ್ಯಾಸೆಟ್ ಕಾಲದಲ್ಲಿ ವಿಎಚ್‌ಎಸ್‌ಗೂ ಬೀಟಾಮ್ಯಾಕ್ಸ್‌ಗೂ ನಡೆದದ್ದು ಇದೇ.

ಈ ಗುದ್ದಾಟ 2008ರಲ್ಲೇ ಮುಗಿಯಿತು, ಎಚ್‌ಡಿ ಡಿವಿಡಿ ಸೋತಿತು. ಹಾಗಾಗಿ ಇವತ್ತು ಡ್ರೈವ್ ಕೊಳ್ಳುವವರು ಬ್ಲೂ-ರೇ ತೊಗೊಳ್ಳಬೇಕು, ಅದರಲ್ಲಿ ಯೋಚನೆ ಮಾಡುವಂಥದ್ದೇನೂ ಇಲ್ಲ. ಯೋಚಿಸಬೇಕಾದದ್ದು ಯಾವ ಥರದ ಬ್ಲೂ-ರೇ ಡ್ರೈವ್ ಅಂತ. ಅದಕ್ಕೆ ಮುಂಚೆ ಎರಡರ ವ್ಯತ್ಯಾಸ ನೋಡೋಣ, ಯಾಕೆಂದರೆ ಅದು ಬಹಳ ಜನ ಅಂದುಕೊಂಡಿರುವ ಕಡೆ ಇಲ್ಲ.

ವ್ಯತ್ಯಾಸ ಲೇಸರ್‌ನಲ್ಲಿಲ್ಲ. ಡಿಸ್ಕಿನಲ್ಲಿ ಮಾಹಿತಿ ಇರುವುದು ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗಳ ರೂಪದಲ್ಲಿ, ಅದನ್ನು ಓದುವುದು ಲೇಸರ್. ಸಿಡಿಗೆ 780 ನ್ಯಾನೊಮೀಟರ್ ತರಂಗದ ಲೇಸರ್, ಡಿವಿಡಿಗೆ 650ರ ಕೆಂಪು ಲೇಸರ್. ತರಂಗ ಚಿಕ್ಕದಾದಷ್ಟೂ ಬೆಳಕಿನ ಚುಕ್ಕೆ ಚಿಕ್ಕದಾಗುತ್ತದೆ, ಗುಳಿಗಳನ್ನು ಇನ್ನೂ ಒತ್ತೊತ್ತಾಗಿ ತುಂಬಬಹುದು. ದಪ್ಪ ಸ್ಕೆಚ್ ಪೆನ್ ಬಿಟ್ಟು ಸಣ್ಣ ಮೊನೆಯ ಪೆನ್ ಹಿಡಿದರೆ ಅದೇ ಪುಟದಲ್ಲಿ ಜಾಸ್ತಿ ಬರೆಯಬಹುದಲ್ಲ, ಹಾಗೆ. ಬ್ಲೂ-ರೇ, ಎಚ್‌ಡಿ ಡಿವಿಡಿ ಎರಡರಲ್ಲೂ ಇರುವುದು 405 ನ್ಯಾನೊಮೀಟರ್‌ನ ನೀಲಿ-ನೇರಳೆ ಲೇಸರ್. ಇದರ ಹಿಂದೆ 1990ರ ದಶಕದಲ್ಲಿ ಜಪಾನಿನ ನಿಚಿಯಾ ಕಂಪನಿಯಲ್ಲಿ ಶೂಜಿ ನಾಕಾಮುರಾ ಮಾಡಿದ ಕೆಲಸ ಇದೆ. ನೀಲಿ ಎಲ್‌ಇಡಿಗಾಗಿ 2014ರ ಭೌತಶಾಸ್ತ್ರದ ನೊಬೆಲ್ ಪಡೆದ ಮೂವರಲ್ಲಿ ಇವರೂ ಒಬ್ಬರು.

ಲೇಸರ್ ಒಂದೇ ಆದ ಮೇಲೆ ಜಗಳ ಯಾತಕ್ಕೆ? ಮಾಹಿತಿಯ ಪದರ ಡಿಸ್ಕಿನ ಮೈಯಿಂದ ಎಷ್ಟು ಒಳಗಿದೆ ಅನ್ನುವುದಕ್ಕೆ. ಡಿವಿಡಿಯಲ್ಲಿ ಅದು 0.6 ಮಿ.ಮೀ. ಒಳಗಿರುತ್ತದೆ. ತೊಷಿಬಾ, ಎನ್‌ಇಸಿ ಕಂಪನಿಗಳು ಎಚ್‌ಡಿ ಡಿವಿಡಿಗೂ ಅದೇ 0.6 ಉಳಿಸಿಕೊಂಡವು. ಸೋನಿ, ಪ್ಯಾನಾಸೋನಿಕ್, ಫಿಲಿಪ್ಸ್ ಕಡೆಯವರು ಬ್ಲೂ-ರೇಯಲ್ಲಿ ಅದನ್ನು ಬರೀ 0.1 ಮಿ.ಮೀ.ಗೆ ತಂದರು. ಪದರ ಅಷ್ಟು ಮೇಲೆ ಬಂದರೆ ಜಾಸ್ತಿ ಶಕ್ತಿಯ ಲೆನ್ಸ್ ಬಳಸಬಹುದು, ಡಿಸ್ಕ್ ತಿರುಗುವಾಗ ಸ್ವಲ್ಪ ವಾಲಿದರೂ ಚುಕ್ಕೆ ಕದಡುವುದಿಲ್ಲ. ಅದರಿಂದ ಬ್ಲೂ-ರೇಯ ಒಂದು ಪದರಕ್ಕೆ 25 ಜಿಬಿ ಬಂತು, ಎಚ್‌ಡಿ ಡಿವಿಡಿಗೆ 15. ಎರಡು ಪದರವಾದರೆ 50 ಮತ್ತು 30.

ಇದಕ್ಕೆ ಬೆಲೆಯೂ ತೆರಬೇಕಿತ್ತು. ಎಚ್‌ಡಿ ಡಿವಿಡಿಯನ್ನು ಡಿವಿಡಿ ಕಾರ್ಖಾನೆಯಲ್ಲೇ ಯಂತ್ರಗಳಿಗೆ ಒಂದಿಷ್ಟು ಬದಲಾವಣೆ ಮಾಡಿ ಅಚ್ಚು ಹಾಕಬಹುದಿತ್ತು, ಬ್ಲೂ-ರೇಗೆ ಹೊಸ ಯಂತ್ರಗಳೇ ಬೇಕಾದವು. ಜೊತೆಗೆ ಗೀರಿನ ಭಯ. 0.1 ಮಿ.ಮೀ. ಅಡಿಯಲ್ಲೇ ಮಾಹಿತಿ ಇದ್ದರೆ ಸಣ್ಣ ಗೀರು ಬಿದ್ದರೂ ಕಷ್ಟ ಅಲ್ವಾ? ಶುರುವಿನಲ್ಲಿ ಡಿಸ್ಕನ್ನು ಪ್ಲಾಸ್ಟಿಕ್ ಡಬ್ಬಿಯೊಳಗೇ ಇಟ್ಟು ಮಾರುವ ಯೋಚನೆ ಇತ್ತು. ಆಮೇಲೆ ಟಿಡಿಕೆಯಂಥ ಕಂಪನಿಗಳು ಗಟ್ಟಿ ಲೇಪನ ಕಂಡುಹಿಡಿದದ್ದರಿಂದ ಡಬ್ಬಿ ತಪ್ಪಿತು. ನನ್ನ ಕೇಳಿದರೆ, ಆವತ್ತಿನ ಮಟ್ಟಿಗೆ ತೊಷಿಬಾದವರ ಲೆಕ್ಕವೇ ಪ್ರಾಕ್ಟಿಕಲ್ ಆಗಿತ್ತು. ಒಂದು ಸಿನಿಮಾಕ್ಕೆ 30 ಜಿಬಿ ಕಮ್ಮಿ ಏನಲ್ಲ.

ಆದರೆ ಗೆಲುವು ತೀರ್ಮಾನವಾದದ್ದು ಲ್ಯಾಬಿನಲ್ಲಲ್ಲ. 2006ರ ನವೆಂಬರ್‌ನಲ್ಲಿ ಬಂದ ಪ್ಲೇಸ್ಟೇಷನ್ 3ರ ಒಳಗೇ ಸೋನಿ ಬ್ಲೂ-ರೇ ಡ್ರೈವ್ ಕೂರಿಸಿತ್ತು, ಗೇಮ್‌ಗಾಗಿ ಕೊಂಡವರ ಮನೆಗೆಲ್ಲ ಸುಮ್ನೆ ಒಂದು ಬ್ಲೂ-ರೇ ಪ್ಲೇಯರ್ ಹೋಯಿತು. ಮೈಕ್ರೋಸಾಫ್ಟ್ ತನ್ನ ಗೇಮ್ ಯಂತ್ರ ಎಕ್ಸ್‌ಬಾಕ್ಸ್ 360ಗೆ ಎಚ್‌ಡಿ ಡಿವಿಡಿ ಡ್ರೈವನ್ನು ಬೇರೆಯಾಗಿ ಮಾರಿತು. 2007ರಲ್ಲಿ ಹಾಲಿವುಡ್ ಸಿನಿಮಾ ಕಂಪನಿ ಪ್ಯಾರಮೌಂಟ್ ಎಚ್‌ಡಿ ಡಿವಿಡಿ ಕಡೆ ವಾಲಿದಾಗ ಒಂದಷ್ಟು ದಿನ ಆಟ ಸಮಸಮ ಅನ್ನಿಸಿತು. 2008ರ ಜನವರಿ 4ರಂದು ಇನ್ನೊಂದು ಸಿನಿಮಾ ಕಂಪನಿ ವಾರ್ನರ್ ಬ್ರದರ್ಸ್ ಇನ್ನು ಮುಂದೆ ಬ್ಲೂ-ರೇ ಮಾತ್ರ ಅಂತ ಹೇಳಿತು. ಮುಂದಿನ ತಿಂಗಳು ಅಮೆರಿಕದ ದೊಡ್ಡ ಅಂಗಡಿ ಸರಣಿ ವಾಲ್‌ಮಾರ್ಟ್ ಕೂಡ ಅದೇ ದಾರಿ ಹಿಡಿಯಿತು. ಫೆಬ್ರವರಿ 19ಕ್ಕೆ ತೊಷಿಬಾ ಕೈಚೆಲ್ಲಿತು.

ಆ ಕಾಲದ ಲ್ಯಾಪ್‌ಟಾಪ್ ಗಿರಾಕಿಗೆ ನಿಜವಾದ ಆಯ್ಕೆ ಇರಲೇ ಇಲ್ಲ ಅನ್ನಬಹುದು. 2006ರಲ್ಲಿ ತೊಷಿಬಾ ತನ್ನ ಕಾಸ್ಮಿಯೋದಲ್ಲಿ ಎಚ್‌ಡಿ ಡಿವಿಡಿ ಹಾಕಿತು, ಸೋನಿ ತನ್ನ ವಾಯೋ ಎಆರ್‌ನಲ್ಲಿ ಬ್ಲೂ-ರೇ. ಬ್ರ್ಯಾಂಡ್ ಆರಿಸಿದರೆ ಫಾರ್ಮ್ಯಾಟ್ ತಾನಾಗೇ ಬರುತ್ತಿತ್ತು. ಎರಡೂ 17 ಇಂಚಿನ ಭಾರೀ ಯಂತ್ರಗಳು, ತೊಡೆ ಮೇಲೆ ಇಟ್ಟುಕೊಳ್ಳುವ ಮಾತೇ ಇಲ್ಲ. ಆಗಿನ ಸಣ್ಣ ಲ್ಯಾಪ್‌ಟಾಪ್‌ಗಳ ಪರದೆ ಸಾಮಾನ್ಯವಾಗಿ 1280×800 ಚುಕ್ಕೆಗಳದ್ದು (ಪಿಕ್ಸೆಲ್) ಇರುತ್ತಿತ್ತು, ಡಿಸ್ಕಿನ ಚಿತ್ರ 1920×1080. ಅಂದರೆ ದುಡ್ಡು ಕೊಟ್ಟು ತಂದ ಅರ್ಧಕ್ಕರ್ಧ ಚುಕ್ಕೆಗಳನ್ನು ಪರದೆ ತೋರಿಸುತ್ತಲೇ ಇರಲಿಲ್ಲ. ಟಿವಿಗೆ ಎಚ್‌ಡಿಎಂಐ ತಂತಿ ಹಾಕಿ ನೋಡುವವರಿಗೆ ಮಾತ್ರ ಲಾಭ.

ಈಗ ಕೊಳ್ಳುವ ವಿಷಯ. ಡ್ರೈವ್ ಮೇಲಿನ 'ಬಿಡಿ' ಅಂದರೆ ಬ್ಲೂ-ರೇ ಡಿಸ್ಕ್. 'ಬಿಡಿ-ರಾಮ್' ಅಥವಾ 'ಬಿಡಿ ಕಾಂಬೊ' ಅಂತ ಇದ್ದರೆ ಅದು ಬ್ಲೂ-ರೇ ಓದುತ್ತದೆ ಅಷ್ಟೇ, ಬರೆಯುವುದಿಲ್ಲ. ಕಾಂಬೊ ಆದರೆ ಸಿಡಿ, ಡಿವಿಡಿ ಮಾತ್ರ ಬರೆಯುತ್ತದೆ. ಫೋಟೊ, ವಿಡಿಯೊ ಬ್ಯಾಕಪ್ ಮಾಡಿಡುವ ಆಸೆ ಇದ್ದರೆ 'ಬಿಡಿ-ಆರ್‌ಇ' ಅಥವಾ ಬ್ಲೂ-ರೇ ರೈಟರ್ ಬೇಕು, 'ಬಿಡಿಎಕ್ಸ್‌ಎಲ್' ಅಂತಲೂ ಇದ್ದರೆ 100 ಜಿಬಿ ಡಿಸ್ಕ್ ಕೂಡ ನಡೆಯುತ್ತದೆ. ಸೋನಿ 2025ರಲ್ಲಿ ಖಾಲಿ ಬ್ಲೂ-ರೇ ಡಿಸ್ಕ್ ತಯಾರಿಸುವುದನ್ನು ನಿಲ್ಲಿಸಿದೆ, ಹಾಗಾಗಿ ರೈಟರ್‌ಗೆ ದುಡ್ಡು ಹಾಕುವ ಮುಂಚೆ ನಿಮ್ಮ ಕಡೆ ಬೇರೆ ಕಂಪನಿಗಳ ಡಿಸ್ಕ್ ಸಿಗುತ್ತವೆಯೇ ನೋಡಿಕೊಳ್ಳಿ. ಲ್ಯಾಪ್‌ಟಾಪ್ ಒಳಗೇ ಹಾಕುವುದಾದರೆ ದಪ್ಪ ಅಳೆಯಿರಿ: 12.7 ಮಿ.ಮೀ. ಮತ್ತು 9.5 ಮಿ.ಮೀ. ಎರಡು ಅಳತೆ ಇವೆ, ದಪ್ಪದ್ದು ತೆಳು ಜಾಗಕ್ಕೆ ಹೋಗುವುದಿಲ್ಲ. ಡ್ರೈವ್‌ಗೆ ಜಾಗವೇ ಇಲ್ಲದ ಈಗಿನ ಲ್ಯಾಪ್‌ಟಾಪ್‌ಗಳಿಗೆ ಯುಎಸ್‌ಬಿ ಡ್ರೈವ್ ಒಂದೇ ದಾರಿ.

ಡ್ರೈವ್ ಹಾಕಿದ ಕೂಡಲೇ ಸಿನಿಮಾ ಓಡುತ್ತದೆ ಅಂದುಕೊಳ್ಳಬೇಡಿ. ವಿಂಡೋಸ್ ತಾನಾಗಿ ಬ್ಲೂ-ರೇ ಸಿನಿಮಾ ಓಡಿಸುವುದಿಲ್ಲ, ಪವರ್‌ಡಿವಿಡಿಯಂಥ ಸಾಫ್ಟ್‌ವೇರನ್ನು ದುಡ್ಡು ಕೊಟ್ಟು ತರಬೇಕು. ರೀಜನ್ ಕಾಟವೂ ಇದೆ, ಅಂದರೆ ಒಂದು ಪ್ರದೇಶಕ್ಕೆಂದು ಮಾಡಿದ ಡಿಸ್ಕ್ ಬೇರೆ ಪ್ರದೇಶದಲ್ಲಿ ಓಡದಂತೆ ಹಾಕುವ ಬೀಗ. ಭಾರತ ಸಿ, ಅಮೆರಿಕ ಎ, ಇಂಗ್ಲೆಂಡ್ ಬಿ. ಅಲ್ಲಿರುವ ಅಣ್ಣನೋ ಅಕ್ಕನೋ ರಜೆಗೆ ಬರುವಾಗ ತಂದುಕೊಟ್ಟ ಡಿಸ್ಕ್ ಇಲ್ಲಿ ಓಡದೆ ಹೋಗಬಹುದು, ಆದರೆ ರೀಜನ್ ಬೀಗ ಇಲ್ಲದ ಡಿಸ್ಕುಗಳೂ ಸಾಕಷ್ಟಿವೆ. ಎಚ್‌ಡಿ ಡಿವಿಡಿಯಲ್ಲಿ ಈ ಬೀಗವೇ ಇರಲಿಲ್ಲ ಅನ್ನುವುದು ಅದರ ಅಭಿಮಾನಿಗಳ ಹಳೇ ಹೆಮ್ಮೆ. ಇನ್ನು 4ಕೆ ಬ್ಲೂ-ರೇ ಲ್ಯಾಪ್‌ಟಾಪಿನಲ್ಲಿ ನೋಡುವ ಆಸೆ ಬಿಟ್ಟುಬಿಡಿ. ಕಂಪನಿಗಳು ಒಪ್ಪಿದ ದಾರಿಯಲ್ಲಿ ಅದನ್ನು ಓಡಿಸಲು ಇಂಟೆಲ್ ಪ್ರೊಸೆಸರ್‌ನ ಎಸ್‌ಜಿಎಕ್ಸ್ ಅನ್ನುವ ಭದ್ರತಾ ವ್ಯವಸ್ಥೆ ಬೇಕು, 11ನೇ ತಲೆಮಾರಿನಿಂದ ಮಾಮೂಲಿ ಕೋರ್ ಪ್ರೊಸೆಸರ್‌ಗಳಲ್ಲಿ ಅದನ್ನೇ ತೆಗೆದಿದ್ದಾರೆ.

ಯಾರ ಮನೆಯಲ್ಲಾದರೂ ಎಚ್‌ಡಿ ಡಿವಿಡಿ ಡಿಸ್ಕುಗಳು ಉಳಿದಿದ್ದರೆ, ಎಕ್ಸ್‌ಬಾಕ್ಸ್ 360ಗೆ ಬಂದಿದ್ದ ಆ ಪ್ರತ್ಯೇಕ ಡ್ರೈವನ್ನು ಸೆಕೆಂಡ್‌ಹ್ಯಾಂಡ್‌ನಲ್ಲಿ ಹುಡುಕಿ. ಅದು ಯುಎಸ್‌ಬಿಯಲ್ಲಿ ಕಂಪ್ಯೂಟರ್‌ಗೂ ಹೊಂದುತ್ತದೆ. ಎಲ್‌ಜಿ ಎರಡೂ ಥರದ ಡಿಸ್ಕ್ ಓದುವ ಡ್ರೈವ್ ಮಾಡಿತ್ತು, ಆದರೆ ಅದು ಡೆಸ್ಕ್‌ಟಾಪ್ ಅಳತೆಯದ್ದು.