ಎಫ್/5.6ರ ಗೆರೆ: ಟೆಲಿಕನ್ವರ್ಟರ್ ಹಾಕಿದರೆ ಆಟೋಫೋಕಸ್ ಯಾಕೆ ಕೈಕೊಡುತ್ತಿತ್ತು?

ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಜೂಮ್ ಲೆನ್ಸಿಗೆ ಟೆಲಿಕನ್ವರ್ಟರ್ ಹಾಕಿದರೆ ಆಟೋಫೋಕಸ್ ಆಗುತ್ತಾ? ನಾಲ್ಕು ಜನ ಫೋಟೋಗ್ರಾಫರ್‌ಗಳನ್ನು ಕೇಳಿ ನೋಡಿ. ಒಬ್ಬರು ಧಾರಾಳವಾಗಿ ಆಗುತ್ತೆ ಅಂತಾರೆ. ಇನ್ನೊಬ್ಬರು ಆಗೋದೇ ಇಲ್ಲ ಅಂತಾರೆ. ಮೂರನೆಯವರ ಪ್ರಕಾರ ಚೌಕಟ್ಟಿನ ನಡುವಿನ ಒಂದು ಫೋಕಸ್ ಪಾಯಿಂಟ್‌ನಲ್ಲಿ ಮಾತ್ರ ಆಗುತ್ತೆ. ನಾಲ್ಕನೆಯವರು ದನಿ ತಗ್ಗಿಸಿ, ಪಿನ್ ಮೇಲೆ ಟೇಪ್ ಅಂಟಿಸಿದರೆ ಆಗುತ್ತೆ ಅಂತ ಹೇಳುತ್ತಾರೆ. ತಮಾಷೆ ಏನೆಂದರೆ ಇವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಒಬ್ಬೊಬ್ಬರೂ ಒಂದೊಂದು ಕಾಲದ ಕ್ಯಾಮೆರಾ ಹಿಡಿದುಕೊಂಡು ಮಾತಾಡುತ್ತಿದ್ದಾರೆ, ಅಷ್ಟೆ.

ಮೊದಲು ಲೆಕ್ಕ ಮುಗಿಸಿಬಿಡೋಣ. ಟೆಲಿಕನ್ವರ್ಟರ್ ಅಂದರೆ ಲೆನ್ಸಿಗೂ ಕ್ಯಾಮೆರಾ ಬಾಡಿಗೂ ನಡುವೆ ಕೂರುವ ಪುಟ್ಟ ಕೊಳವೆ, ಒಳಗೆ ನಾಲ್ಕಾರು ಗಾಜು. ಲೆನ್ಸ್ ಕೊಡುವ ಚಿತ್ರದ ನಡುಭಾಗವನ್ನು ಅದು ಹಿಗ್ಗಿಸುತ್ತದೆ. 1.4ಎಕ್ಸ್ ಹಾಕಿದರೆ 400 ಎಂಎಂ ಹೋಗಿ 560 ಆಗುತ್ತದೆ, 2ಎಕ್ಸ್ ಹಾಕಿದರೆ 800. ಒಳಗೆ ಬರುವ ಬೆಳಕು ಮಾತ್ರ ಅಷ್ಟೇ ಇರುತ್ತದೆ, ಅದನ್ನೇ ತೆಳ್ಳಗೆ ಹರಡಬೇಕು. ಹಾಗಾಗಿ 1.4ಎಕ್ಸ್‌ಗೆ ಒಂದು ಸ್ಟಾಪ್ (ಅಂದರೆ ಅರ್ಧ ಬೆಳಕು) ಹೋಗುತ್ತದೆ, 2ಎಕ್ಸ್‌ಗೆ ಎರಡು. ಎಫ್ ಮುಂದಿನ ಅಂಕಿ ಹೇಳುವುದು ಲೆನ್ಸಿನ ಉದ್ದಕ್ಕೆ ಹೋಲಿಸಿದರೆ ಅದರ ಬಾಯಿ, ಅಂದರೆ ಅಪರ್ಚರ್, ಎಷ್ಟು ಅಗಲ ಎಂದು; ಅಂಕಿ ದೊಡ್ಡದಾದಷ್ಟೂ ಬಾಯಿ ಕಿರಿದು. ಎಫ್/4 ಲೆನ್ಸ್ ಎಫ್/5.6 ಅಥವಾ ಎಫ್/8 ಆಗುತ್ತದೆ. ಎಫ್/5.6 ಲೆನ್ಸ್ ಎಫ್/8 ಅಥವಾ ಎಫ್/11 ಆಗುತ್ತದೆ. ಗಲಾಟೆಯೆಲ್ಲ ಈ ಎರಡನೇ ಲೆಕ್ಕದ್ದು. ಯಾಕೆಂದರೆ ಹೆಚ್ಚಿನವರ ಕೈಗೆಟುಕುವ ಉದ್ದ ಜೂಮ್‌ಗಳು ಕೊನೆಯ ತುದಿಯಲ್ಲಿ ಎಫ್/5.6 ಅಥವಾ ಎಫ್/6.3 ಇರುತ್ತವೆ.

ಈ ಉಪಾಯ ಹೊಸದೇನಲ್ಲ. ಇಂಗ್ಲೆಂಡಿನ ಗಣಿತಜ್ಞ ಪೀಟರ್ ಬಾರ್ಲೋ 1830ರ ದಶಕದಲ್ಲೇ ದೂರದರ್ಶಕಕ್ಕೆ ಇಂಥ ಗಾಜು ಸೇರಿಸಿದ್ದರು. ಆಮೇಲೆ ಎಸ್‌ಎಲ್‌ಆರ್ (ಒಳಗಿನ ಕನ್ನಡಿಯ ಮೂಲಕ ಲೆನ್ಸಿನಿಂದಲೇ ನೋಡುವ ಕ್ಯಾಮೆರಾ) ಕಾಲದಲ್ಲಿ ಅದು ಕ್ಯಾಮೆರಾ ಬ್ಯಾಗಿಗೆ ಬಂತು. ವ್ಯೂಫೈಂಡರ್ ಕತ್ತಲಾಗುತ್ತದೆ, ಚಿತ್ರ ಮೆತ್ತಗಾಗುತ್ತದೆ ಎಂದು ಬೈದುಕೊಳ್ಳುತ್ತಲೇ ಜನ ಅದನ್ನು ಬಳಸಿದರು. ಫೋಕಸ್ ಕೈಯಲ್ಲೇ ಮಾಡುತ್ತಿದ್ದುದರಿಂದ ಬೇರೆ ತಕರಾರಿರಲಿಲ್ಲ.

1985ರಲ್ಲಿ ಮಿನೋಲ್ಟಾ 7000 ಬಂತು. ಆಟೋಫೋಕಸ್ ಬಾಡಿಯ ಒಳಗೇ ಕೂತಿತು. ಮರುವರ್ಷ ನಿಕಾನ್ ಎಫ್-501 ಬಂದಾಗ ಒಂದು ಮಜವಾದ ಸಂಗತಿ ನಡೆಯಿತು. ಅದರ ಜೊತೆ ಟಿಸಿ-16ಎ ಎಂಬ 1.6ಎಕ್ಸ್ ಕನ್ವರ್ಟರ್ ಸಿಗುತ್ತಿತ್ತು. ಹಳೆಯ ಮ್ಯಾನ್ಯುವಲ್ ಲೆನ್ಸಿಗೆ ಅದನ್ನು ಹಾಕಿದರೆ ಒಳಗಿನ ಗಾಜು ತಾನೇ ಹಿಂದೆ ಮುಂದೆ ಸರಿದು ಫೋಕಸ್ ಮಾಡುತ್ತಿತ್ತು. ಆಟೋಫೋಕಸ್ ಕೆಡಿಸುತ್ತದೆ ಎಂದು ಮುಂದೆ ಬೈಗುಳ ತಿಂದ ಸಾಮಾನೇ ಶುರುವಿನಲ್ಲಿ ಆಟೋಫೋಕಸ್ ಕೊಡುತ್ತಿತ್ತು, ನೋಡಿ.

ಈಗ ಆ ಎಫ್/5.6. ಕ್ಯಾಮೆರಾ ಮ್ಯಾನ್ಯುವಲ್‌ಗಳಲ್ಲಿ ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲ ಇದ್ದ ಸಾಲು ಇದು: ಲೆನ್ಸಿನ ದೊಡ್ಡ ಅಪರ್ಚರ್ ಎಫ್/5.6 ಅಥವಾ ಅದಕ್ಕಿಂತ ಅಗಲ ಇದ್ದರೆ ಮಾತ್ರ ಆಟೋಫೋಕಸ್. ಎಫ್/8ರಲ್ಲಿ ಬೆಳಕು ಸಾಲದು, ಅದಕ್ಕೇ ಹೀಗೆ ಎಂದು ಬಹಳ ಜನ ನಂಬಿದ್ದಾರೆ. ಅದು ಅರ್ಧ ಸತ್ಯ. ಎಫ್/5.6ರ ಲೆನ್ಸಿನಲ್ಲಿ ಮುಸ್ಸಂಜೆ ಹೊತ್ತು ಸಿಗುವುದಕ್ಕಿಂತ ಎಫ್/8ರಲ್ಲಿ ನಡುಮಧ್ಯಾಹ್ನ ಸಿಗುವ ಬಿಸಿಲು ಎಷ್ಟೋ ಪಟ್ಟು ಹೆಚ್ಚು. ಆದರೂ ಮುಸ್ಸಂಜೆಯಲ್ಲಿ ಫೋಕಸ್ ಆಗುತ್ತಿತ್ತು, ಮಧ್ಯಾಹ್ನ ಆಗುತ್ತಿರಲಿಲ್ಲ.

ವಿಷಯ ಇರುವುದು ಬೆಳಕು ಬರುವ ದಾರಿಯಲ್ಲಿ. ಡಿಎಸ್‌ಎಲ್‌ಆರ್‌ನ, ಅಂದರೆ ಡಿಜಿಟಲ್ ಎಸ್‌ಎಲ್‌ಆರ್‌ನ, ಮುಖ್ಯ ಕನ್ನಡಿಯ ಹಿಂದೆ ಇನ್ನೊಂದು ಚಿಕ್ಕ ಕನ್ನಡಿ ಇರುತ್ತದೆ. ಅದು ಸ್ವಲ್ಪ ಬೆಳಕನ್ನು ಬಾಡಿಯ ತಳದಲ್ಲಿರುವ ಫೋಕಸ್ ಸೆನ್ಸರಿಗೆ ಇಳಿಸುತ್ತದೆ. ಆ ಸೆನ್ಸರ್ ಇಡೀ ಲೆನ್ಸಿನಿಂದ ನೋಡುವುದಿಲ್ಲ. ಲೆನ್ಸಿನ ಆ ಅಂಚಿನಿಂದ ಒಂದು ಚಿತ್ರ, ಈ ಅಂಚಿನಿಂದ ಒಂದು ಚಿತ್ರ ತೆಗೆದುಕೊಂಡು ಎರಡನ್ನೂ ಹೋಲಿಸುತ್ತದೆ. ಎರಡೂ ಹೊಂದಿದರೆ ಫೋಕಸ್ ಸರಿ. ಹೊಂದದಿದ್ದರೆ ಯಾವ ಕಡೆಗೆ ಎಷ್ಟು ತಿರುಗಿಸಬೇಕು ಎಂಬುದು ಕೂಡಲೇ ಗೊತ್ತಾಗುತ್ತದೆ. ನಮ್ಮ ಎರಡು ಕಣ್ಣು ದೂರ ಅಂದಾಜು ಮಾಡುವ ಹಾಗೇ ಇದು. ಕಣ್ಣುಗಳ ನಡುವಿನ ಅಂತರ ಹೆಚ್ಚಿದಷ್ಟೂ ಅಂದಾಜು ಕರಾರುವಾಕ್ಕು.

ಆ ಎರಡು ಇಣುಕುಕಿಂಡಿಗಳ ಜಾಗ ಕಾರ್ಖಾನೆಯಲ್ಲೇ ಗಟ್ಟಿ. ಎಫ್/5.6ರ ಕಿಟಕಿಯ ಎರಡು ಅಂಚಿನಲ್ಲಿ ನಿಂತು ಇಣುಕುತ್ತಿದ್ದೀರಿ ಅಂದುಕೊಳ್ಳಿ. ಯಾರೋ ಬಂದು ಎರಡೂ ಕಡೆಯಿಂದ ಪರದೆ ಎಳೆದು ಕಿಟಕಿಯನ್ನು ಎಫ್/8ಕ್ಕೆ ಇಳಿಸುತ್ತಾರೆ. ನಡುವೆ ಬೇಕಾದಷ್ಟು ಬೆಳಕಿದೆ, ನೀವು ನಿಂತಲ್ಲಿ ಮಾತ್ರ ಪರದೆ. ಸೆನ್ಸರಿಗೂ ಇದೇ ಪಾಡು. ಕಿಂಡಿಗಳನ್ನು ಇನ್ನೂ ಒಳಗೆ ತಂದಿಟ್ಟರೆ ಎಫ್/8ರಲ್ಲೂ ಕಾಣುತ್ತದೆ, ಆದರೆ ಅಂದಾಜು ಅಷ್ಟು ನಿಖರ ಇರುವುದಿಲ್ಲ. ಮಾಮೂಲಿ ಜೂಮ್‌ಗಳು ಎಫ್/5.6ಕ್ಕೆ ನಿಲ್ಲುತ್ತಿದ್ದ ಕಾಲದಲ್ಲಿ ಅಲ್ಲೇ ಗೆರೆ ಹಾಕಿದ್ದು ಸರಿಯಾದ ರಾಜಿಯೇ.

ಆದರೆ ಗೆರೆ ದಾಟಿದ ಉದಾಹರಣೆಗಳೂ ಮೊದಲಿಂದ ಇದ್ದವು. ಮಿನೋಲ್ಟಾದ 500 ಎಂಎಂ ಕನ್ನಡಿ ಲೆನ್ಸ್ ಎಫ್/8 ಆಗಿದ್ದರೂ ನಡುವಿನ ಸೆನ್ಸರ್‌ನಲ್ಲಿ ಆಟೋಫೋಕಸ್ ಆಗುತ್ತಿತ್ತು. 1998ರಲ್ಲಿ ಬಂದ ಕ್ಯಾನನ್ ಇಒಎಸ್-3, ಆಮೇಲೆ ಅದರ 1 ಸರಣಿಯ ಬಾಡಿಗಳು ನಡುವಿನ ಪಾಯಿಂಟ್‌ನಲ್ಲಿ ಎಫ್/8 ಒಪ್ಪುತ್ತಿದ್ದವು. ಉಳಿದ ಬಾಡಿಗಳದ್ದು ಒಂದೇ ಉತ್ತರ. ಕನ್ವರ್ಟರ್ ಹಾಕಿದ ತಕ್ಷಣ ಲೆನ್ಸ್ ಬಾಡಿಗೆ 'ನಾನೀಗ ಎಫ್/8' ಎಂದು ಹೇಳುತ್ತದೆ, ಬಾಡಿ ಪ್ರಯತ್ನವನ್ನೇ ಮಾಡುವುದಿಲ್ಲ. ಫೋಕಸ್ ಬಟನ್ ಒತ್ತಿದರೆ ಮೋಟಾರು ಮಿಸುಕುವುದೂ ಇಲ್ಲ. ಆಗದೆ ಸೋಲುವುದು ಬೇರೆ, ಆಗುವುದಿಲ್ಲ ಎಂದು ಮೊದಲೇ ಬರೆದಿಟ್ಟಿರುವುದು ಬೇರೆ ಅಲ್ವಾ? ಟೇಪ್ ಹುಟ್ಟಿದ್ದೇ ಈ ವ್ಯತ್ಯಾಸದಿಂದ.

ಆ ಟೇಪ್ ಕಾಲವನ್ನು ನಾನೂ ಅನುಭವಿಸಿದ್ದೇನೆ. ಕ್ಯಾನನ್ ಟೆಲಿ ಲೆನ್ಸ್‌ಗಳಲ್ಲಿ ಮಾಮೂಲಿ ಏಳು ಸಂಪರ್ಕ ಬಿಂದುಗಳ ಪಕ್ಕ ಇನ್ನೂ ಮೂರು ಇರುತ್ತವೆ. ಹಿಂದೆ ಕನ್ವರ್ಟರ್ ಕೂತಿದೆ ಎಂದು ಲೆನ್ಸಿಗೆ ತಿಳಿಸುವುದು ಆ ಮೂರರ ಕೆಲಸ. ಅವನ್ನು ಮುಚ್ಚಿಬಿಟ್ಟರೆ ಲೆನ್ಸ್ ಕನ್ವರ್ಟರನ್ನು ಮರೆತು ಹಳೆಯ ಎಫ್/5.6ನ್ನೇ ಹೇಳುತ್ತದೆ. ಪಾರದರ್ಶಕ ಟೇಪಿನ ಅಕ್ಕಿಕಾಳಿನಷ್ಟು ಅಗಲದ ಚೂರು ಕತ್ತರಿಸಿ, ಚಿಮುಟದಲ್ಲಿ ಹಿಡಿದು, ಉಸಿರು ಬಿಗಿಹಿಡಿದು ಕನ್ವರ್ಟರ್‌ನ ಆ ಮೂರು ಪಿನ್‌ಗಳ ಮೇಲೆ ಕೂರಿಸಬೇಕು. ನಾಲ್ಕನೆಯದಕ್ಕೆ ಒಂದು ಕೂದಲೆಳೆ ತಾಗಿದರೂ ಬಾಡಿ ಎರರ್ ತೋರಿಸುತ್ತದೆ. ನನಗೆ ಮೂರನೇ ಸಲಕ್ಕೆ ಸರಿ ಕೂತಿತು.

ಫೋಕಸ್ ಆಯಿತಾ? ಬಿಸಿಲಲ್ಲಿ ಕೂತ ಹದ್ದಿಗೆ ಟಕ್ಕೆಂದು ಆಯಿತು. ಕುಣಿಯುವುದೊಂದು ಬಾಕಿ, ಅಷ್ಟು ಖುಷಿ. ಅದೇ ಹದ್ದು ಎದ್ದು ನೆರಳಿನ ಕೊಂಬೆಗೆ ಹೋಗಿ ಕೂತಿತು, ನೋಡಿ. ಲೆನ್ಸ್ ಹುಡುಕಲು ಶುರು ಮಾಡಿತು. ಹತ್ತಿರದ ತುದಿವರೆಗೆ ಹೋಯಿತು, ವ್ಯೂಫೈಂಡರ್ ತುಂಬ ಬರೀ ಹಸಿರು ಹೊಗೆ. ಅನಂತದವರೆಗೆ ವಾಪಸ್ ಬಂತು. ದಾರಿಯಲ್ಲಿ ಹದ್ದು ಒಂದು ಕ್ಷಣ ಸ್ಪಷ್ಟವಾಗಿ ಕಂಡು ಮತ್ತೆ ಕರಗಿತು. ಹೀಗೆ ಮೂರು ಸುತ್ತು. ಅಷ್ಟರಲ್ಲಿ ಕೊಂಬೆ ಖಾಲಿ. ಮನೆಗೆ ಬಂದು ನೋಡಿದರೆ ಸಿಕ್ಕ ಚಿತ್ರಗಳ ಮಾಹಿತಿಯಲ್ಲಿ 560ರ ಬದಲು 400 ಅಂತಲೇ ಇತ್ತು. ಬೇಸಿಗೆಯಲ್ಲಿ ಟೇಪಿನ ಗೋಂದು ಕರಗಿ ಪಿನ್‌ಗೆ ಮೆತ್ತಿದ್ದು ಇನ್ನೊಂದು ಕಥೆ. ಗೆರೆ ಹಾಕಿದವರಿಗೆ ಕಾರಣ ಇತ್ತು ಎಂದು ಅವತ್ತು ಒಪ್ಪಿಕೊಂಡೆ. ಆದರೆ ಬಿಸಿಲಲ್ಲಿ ಕೆಲಸ ಆಗಿತ್ತಲ್ಲ, ಅದನ್ನೂ ಮರೆಯಲಿಲ್ಲ. ಬೇರೆ ಕಂಪನಿಗಳ ಕೆಲವು ಕನ್ವರ್ಟರ್‌ಗಳು ತಾವಿದ್ದೇವೆ ಎಂದು ಹೇಳದೆಯೇ ಕೂರುತ್ತಿದ್ದವು. ಅವಕ್ಕೆ ಟೇಪೂ ಬೇಕಿರಲಿಲ್ಲ.

ಇದರ ಜೊತೆಗೆ ನಿಧಾನದ ತಕರಾರೂ ಇತ್ತು. ಫೋಕಸ್ ಆಗುವ ಜೋಡಿಗಳಲ್ಲೂ 1.4ಎಕ್ಸ್ ಹಾಕಿದರೆ ಲೆನ್ಸ್ ಮೋಟಾರಿನ ವೇಗ ಅರ್ಧಕ್ಕೆ, 2ಎಕ್ಸ್ ಹಾಕಿದರೆ ಕಾಲು ಭಾಗಕ್ಕೆ ಇಳಿಯುವಂತೆ ಕ್ಯಾನನ್ ಮಾಡಿತ್ತು. ಬೇಕೆಂದೇ ಮಾಡಿದ್ದು. ಹಿಗ್ಗಿದ ಚಿತ್ರದಲ್ಲಿ ಫೋಕಸ್‌ನ ತಪ್ಪೂ ಹಿಗ್ಗುತ್ತದೆ, ಆದ್ದರಿಂದ ಸಣ್ಣ ಸಣ್ಣ ಹೆಜ್ಜೆ ಇಡಬೇಕು. ಹಾರುವ ಹಕ್ಕಿಗೆ ಈ ನ್ಯಾಯ ತಿಳಿಯದು.

2012 ಈ ಕಥೆಯ ತಿರುವು. ಆ ವರ್ಷದ ನಿಕಾನ್ ಡಿ4 ಎಫ್/8ರಲ್ಲಿ 11 ಪಾಯಿಂಟ್‌ಗಳನ್ನು ಕೊಟ್ಟಿತು. ಕ್ಯಾನನ್‌ನ 1ಡಿ ಎಕ್ಸ್ ಮಾತ್ರ ಹಿಂದಿನ 1 ಸರಣಿಯಲ್ಲಿದ್ದ ಎಫ್/8 ಸೌಲಭ್ಯವನ್ನೇ ಬಿಟ್ಟು ಬಂತು. ಉದ್ದ ಲೆನ್ಸ್ ಇಟ್ಟುಕೊಂಡವರು ಗೊಣಗಿದರು. ಅದೇ ಅಕ್ಟೋಬರಿನಲ್ಲಿ ಒಂದು ಫರ್ಮ್‌ವೇರ್ (ಕ್ಯಾಮೆರಾದೊಳಗಿನ ತಂತ್ರಾಂಶ) ಬಂತು, ನಡುವಿನ ಪಾಯಿಂಟ್ ಎಫ್/8ರಲ್ಲಿ ಕೆಲಸ ಮಾಡತೊಡಗಿತು. 2013ರ ಏಪ್ರಿಲ್‌ನಲ್ಲಿ 5ಡಿ ಮಾರ್ಕ್ 3ಕ್ಕೂ ಅದೇ ಭಾಗ್ಯ. ಸ್ಕ್ರೂ ಬಿಚ್ಚಲಿಲ್ಲ, ಸೆನ್ಸರ್ ಬದಲಿಸಲಿಲ್ಲ. ಮೆಮೊರಿ ಕಾರ್ಡಿಗೆ ಒಂದು ಫೈಲ್ ಹಾಕಿದ್ದಷ್ಟೇ. ಗೆರೆಯಲ್ಲಿ ಗಾಜಿನ ಪಾಲೆಷ್ಟು, ಬರೆದಿಟ್ಟ ಅಂಕಿಯ ಪಾಲೆಷ್ಟು ಎಂಬ ಪ್ರಶ್ನೆ ಅಲ್ಲಿಂದಾಚೆ ಗಟ್ಟಿಯಾಗಿಯೇ ಕೇಳಿಬಂತು. ಎಫ್/8ರ ನಿಖರತೆ ತಮ್ಮ ಹೆಸರಿಗೆ ಸಾಲದು ಎಂದು ಎಂಜಿನಿಯರ್‌ಗಳಿಗೆ ಅನಿಸಿದ್ದಿರಬಹುದು. ಬಳಸುವವರಿಗೆ ಇಲ್ಲದ್ದಕ್ಕಿಂತ ಇದ್ದದ್ದು ವಾಸಿ.

2016ರ ಹೊತ್ತಿಗೆ ನಿಕಾನ್ ಡಿ5, ಡಿ500 ಎಫ್/8ರಲ್ಲಿ 15 ಪಾಯಿಂಟ್ ಕೊಟ್ಟವು. 1ಡಿ ಎಕ್ಸ್ ಮಾರ್ಕ್ 2ರಲ್ಲಿ ಅಷ್ಟೂ 61 ಪಾಯಿಂಟ್‌ಗಳು ಎಫ್/8ರವರೆಗೆ ಕೆಲಸ ಮಾಡಿದವು. ಡಿಎಸ್‌ಎಲ್‌ಆರ್ ತನ್ನ ತುದಿ ಮುಟ್ಟಿತ್ತು. ಎಫ್/6.3ರ 150-600 ಜೂಮ್‌ಗಳಿಗೆ ಮಾತ್ರ ಇದರಿಂದ ಹೇಳಿಕೊಳ್ಳುವ ಲಾಭ ಆಗಲಿಲ್ಲ, 1.4ಎಕ್ಸ್ ಹಾಕಿದರೆ ಅವು ಎಫ್/9.

ಆಮೇಲೆ ಕನ್ನಡಿಯೇ ಹೋಯಿತು. ಮಿರರ್‌ಲೆಸ್‌ನಲ್ಲಿ ಫೋಕಸ್ ನೋಡುವುದು ಚಿತ್ರ ತೆಗೆಯುವ ಸೆನ್ಸರೇ. ಗಟ್ಟಿಯಾಗಿ ಕೂತ ಇಣುಕುಕಿಂಡಿ ಇಲ್ಲ. ಕಿಟಕಿ ಎಷ್ಟೇ ಕಿರಿದಾದರೂ ಉಳಿದದ್ದನ್ನೇ ಎಡ, ಬಲ ಎಂದು ಎರಡು ಪಾಲು ಮಾಡಿ ಹೋಲಿಸುತ್ತದೆ. 2017ರಲ್ಲಿ ಬಂದ ಸೋನಿ ಎ9 ಎಫ್/11ರಲ್ಲೂ ಫೋಕಸ್ ಮಾಡುತ್ತಿತ್ತು. 2020ರ ಕ್ಯಾನನ್ ಆರ್5 ಎಫ್/22ರವರೆಗೆ ಹೋಯಿತು. ಅದೇ ವರ್ಷ ಕ್ಯಾನನ್ 600 ಮತ್ತು 800 ಎಂಎಂನಲ್ಲಿ ಎಫ್/11ರ ಲೆನ್ಸ್‌ಗಳನ್ನೇ ತಂದಿತು. ಕನ್ವರ್ಟರ್ ಇಲ್ಲದೆಯೇ ಎಫ್/11! ಹತ್ತು ವರ್ಷ ಹಿಂದೆ ಹೇಳಿದ್ದರೆ ಯಾರೂ ನಂಬುತ್ತಿರಲಿಲ್ಲ. ಆದರೆ ಈ ಲೆನ್ಸ್‌ಗಳಲ್ಲಿ ಫೋಕಸ್ ಪಾಯಿಂಟ್‌ಗಳು ಚೌಕಟ್ಟಿನ ನಡುಭಾಗಕ್ಕೆ ಕುಗ್ಗುತ್ತವೆ.

ಹಾಗಾದರೆ ಜಗಳ ಮುಗಿಯಿತಾ? ಜೂಮ್ ಇರುವವರಿಗೆ ಹೊಸ ಜಗಳ ಶುರುವಾಯಿತು. ಕನ್ವರ್ಟರ್‌ನ ಮುಂದಿನ ಗಾಜು ಲೆನ್ಸಿನ ಒಳಕ್ಕೆ ಚಾಚಿಕೊಂಡಿರುತ್ತದೆ. ಕ್ಯಾನನ್‌ನ ಆರ್‌ಎಫ್ 100-500 ಜೂಮ್‌ನಲ್ಲಿ ಅದಕ್ಕೆ ಜಾಗ ಬೇಕೆಂದರೆ ಮೊದಲು 300ರ ಆಚೆಗೆ ಜೂಮ್ ಮಾಡಿಕೊಂಡು, ಆಮೇಲೆ ಕನ್ವರ್ಟರ್ ಹಾಕಬೇಕು. ಹಾಕಿದ ಮೇಲೆ 300ರಿಂದ ಕೆಳಗೆ ಬರಲಾಗದು. 2ಎಕ್ಸ್ ಜೊತೆ ಅದು 600-1000 ಆಗುತ್ತದೆ, ಉದ್ದದ ತುದಿಯಲ್ಲಿ ಎಫ್/14. ಫೋಕಸ್ ಚೆನ್ನಾಗಿಯೇ ಆಗುತ್ತದೆ. ಪ್ರಾಣಿ ಹತ್ತಿರ ಬಂದರೆ ಹಿಂದೆ ಸರಿಯಬೇಕಾದವರು ನೀವೇ. ಲೆನ್ಸನ್ನು ಪೂರ್ತಿ ಮಡಚಲೂ ಆಗದು, ಅಷ್ಟುದ್ದಕ್ಕೇ ಬ್ಯಾಗಿಗೆ ತುರುಕಬೇಕು. ಹೋದ ಎರಡು ಸ್ಟಾಪ್ ಕೂಡ ಎಲ್ಲಿಂದಲೋ ಬರಬೇಕಲ್ಲ. ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 800ರಲ್ಲಿ ತೆಗೆಯುತ್ತಿದ್ದವರು 3200ಕ್ಕೆ ಏರಬೇಕು, ಇಲ್ಲ ಶಟರ್ ವೇಗವನ್ನು 1/2000 ಸೆಕೆಂಡಿನಿಂದ 1/500ಕ್ಕೆ ಇಳಿಸಬೇಕು. ದೂರದ ಕಾದ ಗಾಳಿಯ ಅಲುಗಾಟವಂತೂ ಫೋಕಸ್ ಎಷ್ಟು ಸರಿಯಿದ್ದರೂ ಬಿಡದು. ಕ್ರಾಪ್ ಮಾಡಿದ ಫೋಟೋವೇ 2ಎಕ್ಸ್ ಫೋಟೋಗಿಂತ ಚೆನ್ನಾಗಿ ಬಂದ ದಿನಗಳು ನನ್ನ ಹಾರ್ಡ್ ಡಿಸ್ಕ್ ತುಂಬ ಇವೆ. 1.4ಎಕ್ಸ್ ಬಗ್ಗೆ ಹಾಗೆ ಹೇಳಲಾರೆ, ಅದು ಈಗಲೂ ಬ್ಯಾಗಿನಲ್ಲಿದೆ.

ಕನ್ವರ್ಟರನ್ನು ಲೆನ್ಸಿನೊಳಗೇ ಕೂರಿಸಿ, ಸನ್ನೆಕೋಲು ತಿರುಗಿಸಿದರೆ ಬರುವಂತೆ ಮಾಡಿದ್ದೂ ಉಂಟು. 2013ರ ಕ್ಯಾನನ್ 200-400, 2018ರ ನಿಕಾನ್ 180-400 ಹಾಗಿನವು. ಬಾಡಿಯಿಂದ ಲೆನ್ಸ್ ಬಿಚ್ಚಬೇಕಿಲ್ಲ, ಧೂಳಿಲ್ಲ, ಒಂದು ಬೆರಳಿನ ಕೆಲಸ. ಎರಡೂ ಎಫ್/4 ಆದ್ದರಿಂದ ಕನ್ವರ್ಟರ್ ಸೇರಿದರೂ ಹಳೆಯ ಎಫ್/5.6ರ ಗೆರೆಯೊಳಗೇ ನಿಲ್ಲುತ್ತವೆ. ಕೊಳ್ಳಬಲ್ಲವರಿಗೆ ಈ ಲೇಖನವೇ ಬೇಕಿಲ್ಲ.

ಗೆರೆ ಈಗ ಇನ್ನೊಂದು ಕಡೆ ಸರಿದು ಕೂತಿದೆ. ಸಿಗ್ಮಾದ ಮಿರರ್‌ಲೆಸ್ 150-600 ಜೂಮ್ 2021ರಲ್ಲಿ ಎರಡು ಮೌಂಟ್‌ಗಳಲ್ಲಿ (ಮೌಂಟ್ ಅಂದರೆ ಲೆನ್ಸ್ ಬಾಡಿಗೆ ಕೂರುವ ಕೊಂಡಿ) ಬಂತು. ಎಲ್ ಮೌಂಟ್‌ನದ್ದಕ್ಕೆ ಸಿಗ್ಮಾದ 1.4ಎಕ್ಸ್, 2ಎಕ್ಸ್ ಎರಡೂ ಕೂರುತ್ತವೆ, ಆಟೋಫೋಕಸ್ ಆಗುತ್ತದೆ. ಸೋನಿಯ ಇ ಮೌಂಟ್‌ನದ್ದಕ್ಕೆ ಯಾವ ಕನ್ವರ್ಟರೂ ಇಲ್ಲ. ಗಾಜು ಅದೇ, ಅಪರ್ಚರ್ ಅದೇ, ಎರಡರಲ್ಲೂ ಉದ್ದದ ತುದಿ ಎಫ್/6.3. ಇಲ್ಲಿ ಟೇಪ್ ಅಂಟಿಸಲು ಪಿನ್ ಹುಡುಕಿದರೂ ಸಿಗುವುದಿಲ್ಲ.