ಒಡಿಎ ಅಂದರೆ ಏನು? ನೆರವು ಎಷ್ಟು, ಸಾಲ ಎಷ್ಟು?

ಶಿರಸಿ ಕಡೆಯ ನಮ್ಮ ದೊಡ್ಡಪ್ಪನ ಮನೆಯ ಹಿಂದೆ, ಬೆಟ್ಟದ ಅಂಚಿಗೆ ಒಂದು ಅಕೇಶಿಯಾ ತೋಪು ಇದೆ. ದೊಡ್ಡಪ್ಪ ಅದಕ್ಕೆ ಇವತ್ತಿಗೂ 'ಒಡಿಎ ಪ್ಲಾಂಟೇಶನ್' ಅಂತಲೇ ಹೇಳುವುದು. ಚಿಕ್ಕವನಿದ್ದಾಗ ನಾನು ಒಡಿಎ ಅಂದರೆ ಅಕೇಶಿಯಾದ ಒಂದು ಜಾತಿ ಅಂದುಕೊಂಡಿದ್ದೆ.

ಅದು ಮರದ ಹೆಸರಲ್ಲ, ಬ್ರಿಟನ್ ಸರ್ಕಾರದ ಒಂದು ಇಲಾಖೆಯ ಹೆಸರು. ಓವರ್‌ಸೀಸ್ ಡೆವಲಪ್‌ಮೆಂಟ್ ಅಡ್ಮಿನಿಸ್ಟ್ರೇಶನ್. 1990ರ ದಶಕದಲ್ಲಿ ಉತ್ತರ ಕನ್ನಡದಲ್ಲಿ ನಡೆದ ಪಶ್ಚಿಮ ಘಟ್ಟ ಅರಣ್ಯ ಯೋಜನೆಗೆ ಹಣ ಕೊಟ್ಟಿದ್ದು ಇದೇ ಇಲಾಖೆ. ನಮ್ಮ ಊರುಗಳಲ್ಲಿ ಗ್ರಾಮ ಅರಣ್ಯ ಸಮಿತಿಗಳು ಹುಟ್ಟಿಕೊಂಡಿದ್ದೂ ಆ ಕಾಲದಲ್ಲೇ. 1997ರಲ್ಲಿ ಇಲಾಖೆಗೆ ಡಿಎಫ್‌ಐಡಿ ಅಂತ ಹೊಸ ಹೆಸರು ಬಂತು. 2020ರಲ್ಲಿ ಅದೂ ಹೋಗಿ ವಿದೇಶಾಂಗ ಇಲಾಖೆಯೊಳಗೆ ಸೇರಿಹೋಯಿತು. ದೊಡ್ಡಪ್ಪನ ಬಾಯಲ್ಲಿ ಮಾತ್ರ ಹಳೆಯ ಹೆಸರೇ ಉಳಿದಿದೆ.

ಇವತ್ತು ಪೇಪರಿನಲ್ಲಿ ಬರುವ ಒಡಿಎ ಬೇರೆ. ಅಫೀಶಿಯಲ್ ಡೆವಲಪ್‌ಮೆಂಟ್ ಅಸಿಸ್ಟೆನ್ಸ್, ಕನ್ನಡದಲ್ಲಿ ಅಧಿಕೃತ ಅಭಿವೃದ್ಧಿ ನೆರವು. ಶ್ರೀಮಂತ ದೇಶದ ಸರ್ಕಾರವೊಂದು ಬಡ ಅಥವಾ ಮಧ್ಯಮ ಆದಾಯದ ದೇಶಕ್ಕೆ, ಅಲ್ಲಿಯ ಜನರ ಏಳಿಗೆಗೆ ಅಂತ ಕೊಡುವ ಹಣ ಇದು. ನೇರವಾಗಿ ಕೊಡಬಹುದು, ವಿಶ್ವಸಂಸ್ಥೆ ಅಥವಾ ವಿಶ್ವಬ್ಯಾಂಕಿನಂಥ ಸಂಸ್ಥೆಗಳ ಮೂಲಕವೂ ಕೊಡಬಹುದು. ಮಿಲಿಟರಿ ಸಾಮಾನಿಗೆ ಕೊಟ್ಟದ್ದು ಇದರಲ್ಲಿ ಸೇರುವುದಿಲ್ಲ. ಸುಮ್ನೆ ಕೊಟ್ಟ ಅನುದಾನ ಸೇರುತ್ತದೆ. ಸಾಲವೂ ಸೇರುತ್ತದೆ, ಅಗ್ಗದ ಸಾಲ ಆಗಿದ್ದರೆ.

ಇದನ್ನು ಹೇಳಿದಾಗ ದೊಡ್ಡಪ್ಪ ಕವಳ ಹಾಕುತ್ತಾ ಕೇಳಿದ್ದು ಒಂದೇ ಪ್ರಶ್ನೆ: "ತಮಾ, ವಾಪಸ್ ಕೊಡವು ಅಂದ್ರೆ ಅದು ನೆರವು ಹ್ಯಾಂಗಾತು?"

ಉತ್ತರ ಅವರದೇ ಸೊಸೈಟಿ ಪಾಸ್‌ಬುಕ್ಕಿನಲ್ಲಿದೆ. ಸೊಸೈಟಿಯಲ್ಲಿ ಸಿಗುವ ಶೂನ್ಯ ಬಡ್ಡಿ ಬೆಳೆಸಾಲ ಗೊತ್ತಲ್ಲ. ಹೊತ್ತಿಗೆ ಸರಿಯಾಗಿ ಕಟ್ಟಿದರೆ ಬಡ್ಡಿ ಸರ್ಕಾರದ ಲೆಕ್ಕ. ಅಸಲು ನಾವೇ ಕಟ್ಟಬೇಕು, ನಿಜ. ಆದರೆ ಉಳಿದ ಬಡ್ಡಿ ನಮಗೆ ಸಿಕ್ಕಿದ ಹಾಗೇ ಅಲ್ವಾ? ಸಾಲದ ಹೊಟ್ಟೆಯೊಳಗೆ ಒಂದು ಉಡುಗೊರೆ ಇದೆ. ಒಡಿಎ ಲೆಕ್ಕದವರು ಅದನ್ನು ಅನುದಾನದ ಅಂಶ ಅನ್ನುತ್ತಾರೆ.

ಅದನ್ನು ಅಳೆಯುವುದು ಹೀಗೆ. ಯಾರೋ ನನಗೆ 1 ಲಕ್ಷ ರೂಪಾಯಿ ಬಡ್ಡಿ ಇಲ್ಲದೆ ಕೊಟ್ಟರು ಅನ್ನಿ. 10 ವರ್ಷ ಬಿಟ್ಟು ಒಂದೇ ಗಂಟಾಗಿ ವಾಪಸ್ ಕೊಡಬೇಕು. ಆ ಹೊತ್ತಿಗೆ 1 ಲಕ್ಷ ಆಗಲಿಕ್ಕೆ ಇವತ್ತು ನಾನು ಎಷ್ಟು ಎತ್ತಿಟ್ಟರೆ ಸಾಕು? ಶೇ 9ರ ಚಕ್ರಬಡ್ಡಿ ಹಿಡಿದರೆ ಸುಮಾರು 42 ಸಾವಿರ. ಉಳಿದ 58 ಸಾವಿರ ನನಗೆ ಪುಕ್ಕಟೆ. ಅದೇ ಶೇ 5 ಹಿಡಿದರೆ 61 ಸಾವಿರ ಎತ್ತಿಡಬೇಕು, ಪುಕ್ಕಟೆ ಸಿಕ್ಕಿದ್ದು 39 ಸಾವಿರಕ್ಕೆ ಇಳಿಯುತ್ತದೆ. ಸಾಲ ಅದೇ, ಕೊಟ್ಟವರೂ ಅವರೇ. ಲೆಕ್ಕಕ್ಕೆ ಹಿಡಿದ ಬಡ್ಡಿ ಬದಲಾದರೆ ಅವರ ಧಾರಾಳತನವೂ ಬದಲಾಗುತ್ತದೆ.

ಜಗಳ ಇದ್ದದ್ದೇ ಇಲ್ಲಿ. ಒಡಿಎ ಅಂದರೆ ಏನು ಅಂತ ನಿಯಮ ಬರೆಯುವುದು ಪ್ಯಾರಿಸ್ಸಿನಲ್ಲಿರುವ ಶ್ರೀಮಂತ ದೇಶಗಳ ಸಮಿತಿ, ಡ್ಯಾಕ್. 1969ರಲ್ಲಿ ಪದ ಬಂತು, 1972ರಲ್ಲಿ ನಿಯಮ ಬಿಗಿಯಾಯಿತು. ಆಗ ಹಿಡಿದದ್ದು ಶೇ 10ರ ಬಡ್ಡಿ. ಆ ಲೆಕ್ಕದಲ್ಲಿ ಉಡುಗೊರೆ ಶೇ 25 ಇದ್ದರೆ ಸಾಕು, ಪೂರ್ತಿ ಸಾಲ ನೆರವಿನ ಪಟ್ಟಿಗೆ ಹೋಗುತ್ತಿತ್ತು. ಮುಂದೆ ಶ್ರೀಮಂತ ದೇಶಗಳಲ್ಲಿ ಬಡ್ಡಿದರ ಶೇ 2, 3ಕ್ಕೆ ಇಳಿಯಿತು. ಶೇ 10 ಮಾತ್ರ ಅಲುಗಲಿಲ್ಲ. ಶೇ 2ಕ್ಕೆ ಹಣ ಎತ್ತಿ, ಮೇಲೆ ಸ್ವಲ್ಪ ಲಾಭ ಇಟ್ಟುಕೊಂಡು ಸಾಲ ಕೊಟ್ಟರೂ ಅದು 'ನೆರವು' ಆಯಿತು. ನಮ್ಮ ಊರಲ್ಲಿ ಯಾರಾದರೂ ಹೀಗೆ ಮಾಡಿ ದಾನಿ ಅಂತ ಹೆಸರು ಹಾಕಿಸಿಕೊಂಡಿದ್ದರೆ ಪೇಟೆಯಲ್ಲಿ ತಲೆ ಎತ್ತಿ ಓಡಾಡಲು ಆಗುತ್ತಿರಲಿಲ್ಲ.

2014ರಲ್ಲಿ ನಿಯಮ ಬದಲಾಯಿತು, 2018ರ ಲೆಕ್ಕದಿಂದ ಜಾರಿಗೆ ಬಂತು. ಈಗ ಸಾಲದಲ್ಲಿರುವ ಉಡುಗೊರೆಯ ಭಾಗ ಮಾತ್ರ ಒಡಿಎ. ಹಿಡಿಯುವ ಬಡ್ಡಿ ಅತಿ ಬಡ ದೇಶಕ್ಕೆ ಶೇ 9, ಭಾರತದಂಥ ಕೆಳ ಮಧ್ಯಮ ಆದಾಯದ ದೇಶಕ್ಕೆ ಶೇ 7, ಅದಕ್ಕೂ ಮೇಲಿನವರಿಗೆ ಶೇ 6. ಮೊದಲಿಗಿಂತ ಎಷ್ಟೋ ವಾಸಿ. ಆದರೆ ಈ ದರಗಳೂ ಜಾಸ್ತಿಯೇ ಅನ್ನುವವರಿದ್ದಾರೆ, ನನಗೂ ಹಾಗೇ ಅನ್ನಿಸುತ್ತದೆ. ಇನ್ನೊಂದು ಕಿರಿಕಿರಿ ಉಳಿದೇ ಇದೆ: ತಮ್ಮ ದೇಶಕ್ಕೆ ಬಂದ ನಿರಾಶ್ರಿತರ ಮೊದಲ ವರ್ಷದ ಊಟ, ವಸತಿಯ ಖರ್ಚನ್ನೂ ಒಡಿಎ ಅಂತ ಬರೆದುಕೊಳ್ಳಬಹುದು. ಹಣ ದೇಶದ ಗಡಿ ದಾಟುವುದೇ ಇಲ್ಲ.

ಇನ್ನು ಮೊತ್ತ. ಶ್ರೀಮಂತ ದೇಶಗಳು ತಮ್ಮ ರಾಷ್ಟ್ರೀಯ ಆದಾಯದ ಶೇ 0.7ರಷ್ಟು ನೆರವು ಕೊಡಬೇಕು ಅಂತ ವಿಶ್ವಸಂಸ್ಥೆಯ ಮಹಾಸಭೆ ಒಪ್ಪಿದ್ದು 1970ರಲ್ಲಿ. 2024ರಲ್ಲಿ ಅದನ್ನು ಮುಟ್ಟಿದ್ದು ನಾರ್ವೆ, ಸ್ವೀಡನ್, ಡೆನ್ಮಾರ್ಕ್, ಲಕ್ಸೆಂಬರ್ಗ್ ಮಾತ್ರ. ಡ್ಯಾಕ್ ದೇಶಗಳೆಲ್ಲ ಸೇರಿ ಕೊಟ್ಟದ್ದು ಸುಮಾರು 21,200 ಕೋಟಿ ಡಾಲರ್, ಅಂದರೆ ಶೇ 0.33. 2030ರ ಸುಸ್ಥಿರ ಅಭಿವೃದ್ಧಿ ಗುರಿಗಳಿಗೆ ಬಡ ಮತ್ತು ಮಧ್ಯಮ ದೇಶಗಳಲ್ಲಿ ಬೀಳುತ್ತಿರುವ ಕೊರತೆ ವರ್ಷಕ್ಕೆ 4 ಲಕ್ಷ ಕೋಟಿ ಡಾಲರ್ ಅಂತ ವಿಶ್ವಸಂಸ್ಥೆಯ ಅಂದಾಜು. 2025ರ ಜುಲೈನಲ್ಲಿ ಸ್ಪೇನಿನ ಸೆವಿಲ್ಲೆಯಲ್ಲಿ ಇದಕ್ಕಾಗಿಯೇ ದೊಡ್ಡ ಸಮ್ಮೇಳನ ನಡೆಯಿತು. ಅಮೆರಿಕ ಅಲ್ಲಿಂದ ದೂರವೇ ಉಳಿಯಿತು. ತನ್ನ ನೆರವು ಸಂಸ್ಥೆ ಯುಎಸ್‌ಏಡ್‌ನ ಬಾಗಿಲನ್ನೂ ಅದು ಅದೇ ಹೊತ್ತಿಗೆ ಹಾಕಿತ್ತು. ಬ್ರಿಟನ್ ಕೂಡ 2027ಕ್ಕೆ ಶೇ 0.3ಕ್ಕೆ ಇಳಿಯುತ್ತೇನೆ ಅಂದಿದೆ.

ಭಾರತ ಈಗ ಎರಡೂ ಕಡೆ ಕೂತಿದೆ. ಜಪಾನಿನಿಂದ ಅಗ್ಗದ ಸಾಲ ತೆಗೆದುಕೊಳ್ಳುತ್ತದೆ, ನೆರೆಯ ದೇಶಗಳಿಗೆ ಮತ್ತು ಆಫ್ರಿಕಕ್ಕೆ ತಾನೇ ಸಾಲ ಕೊಡುತ್ತದೆ. ಹೊರದೇಶದವರಿಗೆ ತರಬೇತಿ ಕೊಡುವ ಐಟೆಕ್ ಕಾರ್ಯಕ್ರಮ ಶುರುವಾದದ್ದು 1964ರಲ್ಲೇ. ಡ್ಯಾಕ್‌ಗೆ ಸೇರಿಲ್ಲವಾದ್ದರಿಂದ ಅವರ ಲೆಕ್ಕದ ಹಂಗು ಇಲ್ಲ.

ಕಾರವಾರದವರಿಗೆ ಇನ್ನೊಂದು ಉದಾಹರಣೆ ಮನೆ ಬಾಗಿಲಲ್ಲೇ ಇದೆ, ಕುಡ್ಸೆಂಪ್. ಕಾರವಾರ, ಅಂಕೋಲಾ, ಭಟ್ಕಳ, ಶಿರಸಿ, ದಾಂಡೇಲಿ ಸೇರಿ ಹತ್ತು ಊರುಗಳ ನೀರು, ಒಳಚರಂಡಿಗೆ ಏಷ್ಯನ್ ಅಭಿವೃದ್ಧಿ ಬ್ಯಾಂಕ್ 1999ರಲ್ಲಿ 17.5 ಕೋಟಿ ಡಾಲರ್ ಮಂಜೂರು ಮಾಡಿತು. ಪೇಪರಿನಲ್ಲಿ 'ಎಡಿಬಿ ನೆರವಿನ ಯೋಜನೆ' ಅಂತಲೇ ಬರುತ್ತಿತ್ತು. ಆದರೆ ಅದು ಬ್ಯಾಂಕಿನ ಮಾಮೂಲಿ ಸಾಲ, ಹೆಚ್ಚುಕಡಿಮೆ ಮಾರುಕಟ್ಟೆಯ ಬಡ್ಡಿಯದು. ಮೇಲೆ ಹೇಳಿದ ಅರ್ಥದ ಒಡಿಎ ಅಲ್ಲವೇ ಅಲ್ಲ. ನಮ್ಮ ಓಣಿಯಲ್ಲಿ ಪೈಪ್ ಹಾಕಲು ರಸ್ತೆ ಅಗೆದಾಗ ಅಪ್ಪ ಸ್ಕೂಟರನ್ನು ಎರಡು ಮನೆ ಆಚೆ ನಿಲ್ಲಿಸಿ, ಮೀನಿನ ಚೀಲ ಹಿಡಿದು ಹಲಗೆ ಮೇಲೆ ದಾಟಿ ಬರುತ್ತಿದ್ದರು. 'ಫಾರಿನ್ನಿನವರು ಪುಕ್ಕಟೆ ಮಾಡಿಕೊಡುತ್ತಿದ್ದಾರೆ, ಸ್ವಲ್ಪ ತಡೆದುಕೊಳ್ಳೋಣ' ಅನ್ನುತ್ತಿದ್ದರು.

ಆ ಕಾಲದಲ್ಲಿ ಇಂಥ ಹೊರಗಿನ ಹಣ ಕೇಂದ್ರದಿಂದ ರಾಜ್ಯಕ್ಕೆ ಬರುವಾಗ 70 ಪಾಲು ಸಾಲ, 30 ಪಾಲು ಅನುದಾನ ಆಗಿ ಬರುತ್ತಿತ್ತು. 2005ರ ನಂತರದ ಹೊಸ ಯೋಜನೆಗಳಲ್ಲಿ ಹೊರಗಿನವರು ಹಾಕಿದ ಷರತ್ತಿನಲ್ಲೇ ಹಣ ರಾಜ್ಯಕ್ಕೆ ದಾಟುತ್ತದೆ. ಡಾಲರ್ ಏರಿದರೆ ಆ ಹೊರೆಯೂ ರಾಜ್ಯದ್ದೇ. 1999ರಲ್ಲಿ ಡಾಲರ್ 43 ರೂಪಾಯಿ ಆಸುಪಾಸಿನಲ್ಲಿತ್ತು, 2025ರಲ್ಲಿ 85 ದಾಟಿತು. ಬಡ್ಡಿ ಎಷ್ಟೇ ಕಡಿಮೆ ಇರಲಿ, ರೂಪಾಯಿಯಲ್ಲಿ ಎಣಿಸಿ ಕಟ್ಟುವವರಿಗೆ ಅಸಲೇ ಸುಮಾರು ಎರಡು ಪಟ್ಟು ಆದ ಹಾಗೆ. ಒಡಿಎ ಲೆಕ್ಕದಲ್ಲಿ ಇದಕ್ಕೊಂದು ಕಾಲಮ್ ಇಲ್ಲ.