ಮಹಾಯೋಜನೆಗೆ ಎಷ್ಟು ಕೋಟಿ?

ಜೈಲಿನಿಂದ ಪರಾರಿಯಾಗಲು ಕೈದಿಗಳ ಮಾಸ್ಟರ್ ಪ್ಲಾನ್, ಉಪಚುನಾವಣೆ ಗೆಲ್ಲಲು ಮಾಸ್ಟರ್ ಪ್ಲಾನ್, ಅತ್ತೆಯ ಒಡವೆ ಲಪಟಾಯಿಸಲು ಸೊಸೆಯ ಮಾಸ್ಟರ್ ಪ್ಲಾನ್. ಇಷ್ಟನ್ನೂ ಸಹಿಸಿಕೊಂಡಿದ್ದಾಯಿತು. ಸುದ್ದಿವಾಹಿನಿಗಳಿಗೆ ಸಂಚು, ಹೂಟ, ತಂತ್ರ ಎಂಬ ಮಾತುಗಳು ಮರೆತುಹೋಗಿರಬೇಕು ಎಂದುಕೊಂಡು ಸುಮ್ಮನಿರಬಹುದು. ಆದರೆ ‘ಮಳೆಗಾಲ ಎದುರಿಸಲು ಪಾಲಿಕೆಯಿಂದ ಮಾಸ್ಟರ್ ಪ್ಲಾನ್’ ಎಂಬ ತಲೆಬರಹದ ಕೆಳಗೆ ಚರಂಡಿ ಹೂಳೆತ್ತುವ ಟೆಂಡರಿನ ವಿವರ ಇದ್ದರೆ ಸುಮ್ಮನಿರುವುದು ಕಷ್ಟ. ಅದರ ಕೆಳಗೇ ಓದುಗರೊಬ್ಬರ ಪ್ರಶ್ನೆ: ‘ಮಹಾಯೋಜನೆಗೆ ಎಷ್ಟು ಕೋಟಿ ಬಿಡುಗಡೆಯಾಗಿದೆ?’ ಊರು, ಪಾಲಿಕೆ, ಮಾಸ್ಟರ್ ಪ್ಲಾನ್ ಒಂದೇ ಸಾಲಿನಲ್ಲಿ ಬಂದಾಗ ಆ ಪದಕ್ಕೆ ಕಾನೂನಿನ ಅರ್ಥವೊಂದಿದೆ. ಆ ಅರ್ಥದಲ್ಲಿ ಬಿಡುಗಡೆಯಾಗುವ ಕೋಟಿ ಸೊನ್ನೆ.

ಮಾಸ್ಟರ್ ಪ್ಲಾನ್, ಸರ್ಕಾರಿ ಕನ್ನಡದಲ್ಲಿ ಮಹಾಯೋಜನೆ, ಎಂದರೆ ಊರಿನ ಯಾವ ಜಮೀನಿನಲ್ಲಿ ಮನೆ, ಯಾವುದರಲ್ಲಿ ಅಂಗಡಿ, ಯಾವುದರಲ್ಲಿ ಕಾರ್ಖಾನೆ, ಎಲ್ಲಿ ಉದ್ಯಾನ, ಕೆರೆಯಿಂದ ಎಷ್ಟು ದೂರ ಬಿಡಬೇಕು, ಮುಂದೆ ಬರಲಿರುವ ರಸ್ತೆ ಎಲ್ಲಿ ಹಾದುಹೋಗುತ್ತದೆ ಎಂಬುದನ್ನು ಹತ್ತಿಪ್ಪತ್ತು ವರ್ಷ ಮುಂದಕ್ಕೆ ಗೊತ್ತುಪಡಿಸುವ ನಕ್ಷೆ, ಅದರ ಜೊತೆಗಿನ ವರದಿ ಮತ್ತು ವಲಯ ನಿಯಮಾವಳಿ. ಕರ್ನಾಟಕದಲ್ಲಿ ಇದಕ್ಕೆ ಆಧಾರ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಅದರ 14ನೇ ಸೆಕ್ಷನ್ ಪ್ರಕಾರ ಎಲ್ಲ ಭೂಬಳಕೆಯೂ ಈ ನಕ್ಷೆಗೆ ಹೊಂದಬೇಕು. 15ನೇ ಸೆಕ್ಷನ್ ಪ್ರಕಾರ ಅನುಮತಿ ಪಡೆಯದೆ ಕಟ್ಟುವಂತಿಲ್ಲ. ಗುತ್ತಿಗೆದಾರ, ಶಂಕುಸ್ಥಾಪನೆ, ಅನುದಾನ ಯಾವುದೂ ಇದರೊಳಗಿಲ್ಲ. ಮಹಾಯೋಜನೆಯ ಬಲವೆಲ್ಲ ‘ಇಲ್ಲಿ ಕೂಡದು’ ಎನ್ನುವುದರಲ್ಲಿದೆ.

ಹಾಗಿದ್ದರೆ ಕೋಟಿಯ ಪ್ರಶ್ನೆ ಏಕೆ ಬರುತ್ತದೆ? ತಪ್ಪು ಕೇಳಿದವರದಲ್ಲ, ‘ಯೋಜನೆ’ಯದು. ಇಂಗ್ಲಿಷಿನ ಪ್ಲಾನ್, ಸ್ಕೀಮ್, ಪ್ರಾಜೆಕ್ಟ್ ಮೂರಕ್ಕೂ ನಾವು ಈ ಒಂದೇ ಪದವನ್ನು ದುಡಿಸುತ್ತಿದ್ದೇವೆ. ಪಂಚವಾರ್ಷಿಕ ಯೋಜನೆ ಕಾಗದದ ಮೇಲಿನ ಲೆಕ್ಕಾಚಾರ. ಗೃಹಲಕ್ಷ್ಮಿ ಯೋಜನೆ ಖಾತೆಗೆ ಬರುವ ಹಣ. ಎತ್ತಿನಹೊಳೆ ಯೋಜನೆ ಪೈಪು, ಪಂಪು, ಕಾಂಕ್ರೀಟು. ಈ ಸಾಲಿಗೆ ‘ಮಹಾ’ ಸೇರಿಸಿದ ಇನ್ನೊಂದನ್ನು ತಂದು ನಿಲ್ಲಿಸಿದರೆ ಎತ್ತಿನಹೊಳೆಗಿಂತ ದೊಡ್ಡ ಕಾಮಗಾರಿ ಇರಬೇಕು ಎಂದೇ ಯಾರಾದರೂ ತಿಳಿಯುತ್ತಾರೆ.

ಪದದ ಬೇರಿಗೆ ಹೋದರೆ ಇನ್ನಷ್ಟು ಸ್ವಾರಸ್ಯವಿದೆ. ಸಂಸ್ಕೃತದ ‘ಯುಜ್’ ಧಾತುವಿಗೆ ಜೋಡಿಸು, ನೊಗಕ್ಕೆ ಕಟ್ಟು ಎಂಬ ಅರ್ಥಗಳಿವೆ. ಯೋಗ, ಯುಕ್ತಿ, ಪ್ರಯೋಜನ, ಸಂಯೋಜನೆ ಎಲ್ಲವೂ ಅದರ ಸಂತಾನ. ‘ಯುಗ’ಕ್ಕೆ ಕಾಲದ ಅರ್ಥದ ಜೊತೆಗೆ ನೊಗ ಎಂಬ ಅರ್ಥವೂ ಉಂಟು. ದೂರ ಅಳೆಯುವ ‘ಯೋಜನ’ವನ್ನು, ಒಮ್ಮೆ ಹೂಡಿದ ಪ್ರಾಣಿಗಳನ್ನು ಬಿಚ್ಚದೆ ಸಾಗುವ ದೂರ ಎಂದು ವಿವರಿಸುವುದುಂಟು. ಕನ್ನಡದ ‘ಹೂಡು’ ಕೂಡ ಇದೇ ದಾರಿಯಲ್ಲಿ ನಡೆದಿದೆ: ಎತ್ತು ಹೂಡುತ್ತೇವೆ, ಬಂಡವಾಳ ಹೂಡುತ್ತೇವೆ, ಸಂಚನ್ನೂ ಹೂಡುತ್ತೇವೆ. ‘ಹೂಟ’ ಹುಟ್ಟಿದ್ದು ಅಲ್ಲಿಂದಲೇ. ಹಾಗಾಗಿ ಅತ್ತೆಯ ಒಡವೆಗೆ ಕೈಹಾಕಿದ ಸೊಸೆಯದು ಶುದ್ಧ ಹೂಟ. ಅದಕ್ಕೆ ಇಂಗ್ಲಿಷ್ ಪದ ಎರವಲು ತರುವ ಅಗತ್ಯವೇ ಇರಲಿಲ್ಲ.

ಇಲಾಖೆಯವರೂ ಈ ಗೊಂದಲಕ್ಕೆ ತಮ್ಮ ಪಾಲು ಸೇರಿಸಿದ್ದಾರೆ. ಹಿಂದೆ ಕಾಯ್ದೆಯಲ್ಲಿ ಇದ್ದದ್ದು ಮೊದಲು ರೂಪುರೇಷೆ ಅಭಿವೃದ್ಧಿ ಯೋಜನೆ, ಆಮೇಲೆ ಸಮಗ್ರ ಅಭಿವೃದ್ಧಿ ಯೋಜನೆ, ಅಂದರೆ ಓಡಿಪಿ ಮತ್ತು ಸಿಡಿಪಿ. ತಿದ್ದುಪಡಿಯಾಗಿ ಎರಡೂ ಹೋಗಿ ಮಹಾಯೋಜನೆ ಬಂದು ವರ್ಷಗಳೇ ಕಳೆದಿದ್ದರೂ ನಿವೇಶನದ ಜಾಹೀರಾತುಗಳಲ್ಲಿ ‘80 ಅಡಿ ಸಿಡಿಪಿ ರಸ್ತೆಗೆ ಹೊಂದಿಕೊಂಡ’ ಸೈಟುಗಳು ಇಂದಿಗೂ ಮಾರಾಟವಾಗುತ್ತಿವೆ. ನನ್ನನ್ನು ಕೇಳಿದ್ದರೆ ‘ಭೂಬಳಕೆ ಕಟ್ಟಳೆ’ ಎನ್ನುತ್ತಿದ್ದೆ. ಯಾರೂ ಕೇಳಲಿಲ್ಲ.

ಆ ಸಿಡಿಪಿ ರಸ್ತೆಯ ವಿಷಯ. ನಕ್ಷೆಯಲ್ಲಿ ಎಳೆದ ರಸ್ತೆ ನೆಲದ ಮೇಲೆ ಇರಬೇಕೆಂದೇನಿಲ್ಲ. ಬೆಂಗಳೂರಿನ ಪೆರಿಫೆರಲ್ ರಿಂಗ್ ರಸ್ತೆಯನ್ನೇ ನೋಡಿ: 2005ರಲ್ಲಿ ಪ್ರಾಥಮಿಕ ಅಧಿಸೂಚನೆ, 2007ರಲ್ಲಿ ಅಂತಿಮ ಅಧಿಸೂಚನೆ. ಗೆರೆ ಬಿದ್ದ ಹಳ್ಳಿಗಳ ರೈತರು ಜಮೀನನ್ನು ಮಾರಲೂ ಆಗದೆ, ಪರಿಹಾರವೂ ಸಿಗದೆ ವರ್ಷಗಟ್ಟಲೆ ಕಾದರು. ಗೆರೆ ಎಳೆಯುವುದು ಪ್ಲಾನು, ಜಮೀನು ಕೊಂಡು ಡಾಂಬರು ಹಾಕುವುದು ಪ್ರಾಜೆಕ್ಟು. ಎರಡರ ನಡುವೆ ಒಂದು ತಲೆಮಾರು ಕಳೆಯಬಹುದು. ಉದ್ಯಾನಗಳ ಗತಿ ಇನ್ನೂ ವಿಚಿತ್ರ. ಕಾಯ್ದೆಯ 69ನೇ ಸೆಕ್ಷನ್ ಪ್ರಕಾರ, ಸಾರ್ವಜನಿಕ ಉದ್ದೇಶಕ್ಕೆಂದು ಗುರುತಿಸಿದ ಜಮೀನನ್ನು ಐದು ವರ್ಷಗಳಲ್ಲಿ ಸ್ವಾಧೀನಪಡಿಸಿಕೊಳ್ಳದಿದ್ದರೆ ಆ ಗುರುತೇ ರದ್ದಾಗುತ್ತದೆ. ನಕ್ಷೆಯ ಹಸಿರು ನೋಡಿ ಎದುರಿನ ಸೈಟು ಕೊಂಡವರು ಆಮೇಲೆ ಅಲ್ಲಿ ಅಪಾರ್ಟ್‌ಮೆಂಟ್ ಏಳುವುದನ್ನು ನೋಡುತ್ತಾರೆ.

ಇನ್ನು ಎಲ್ಲಕ್ಕಿಂತ ಹೆಚ್ಚು ಕೆರಳಿಸುವ ಮಾತು: ‘ಯೆಲ್ಲೋ ಜೋನ್ ಸರ್, ಮಾಸ್ಟರ್ ಪ್ಲಾನ್ ಅಪ್ರೂವ್ಡ್.’ ದಲ್ಲಾಳಿ ತೋರಿಸುವ ನಕ್ಷೆಯಲ್ಲಿ ಹಳದಿ ಎಂದರೆ ವಸತಿ, ನೀಲಿ ವಾಣಿಜ್ಯ, ನೇರಳೆ ಕೈಗಾರಿಕೆ, ಕೆಂಪು ಸಾರ್ವಜನಿಕ ಮತ್ತು ಅರೆಸಾರ್ವಜನಿಕ ಬಳಕೆ. ಇಷ್ಟು ಸರಿ. ಆದರೆ ಹಳದಿ ಹೇಳುವುದು ಒಂದೇ ಸಂಗತಿ: ಇಲ್ಲಿ ಮನೆ ಕಟ್ಟಲು ಅನುಮತಿ ಕೇಳಿದರೆ ಭೂಬಳಕೆಯ ಕಾರಣಕ್ಕೆ ನಿರಾಕರಿಸುವುದಿಲ್ಲ. ಅನುಮತಿ ಕೊಟ್ಟಾಗಿದೆ ಎಂದು ಅದು ಎಲ್ಲೂ ಹೇಳುವುದಿಲ್ಲ. ಕೃಷಿ ಜಮೀನಾಗಿದ್ದರೆ 1964ರ ಭೂಕಂದಾಯ ಕಾಯ್ದೆಯ 95ನೇ ಸೆಕ್ಷನ್ ಅಡಿ ಭೂಪರಿವರ್ತನೆಯ ಪ್ರಶ್ನೆ ಬೇರೆ ಇದೆ. ಅದು ಕಂದಾಯ ಇಲಾಖೆಯ ಕೆಲಸ, ಜನರ ಬಾಯಲ್ಲಿ ‘ಡಿಸಿ ಕನ್ವರ್ಷನ್’. ಆಮೇಲೆ ಬಡಾವಣೆಯ ವಿನ್ಯಾಸ ನಕ್ಷೆಗೆ ಯೋಜನಾ ಪ್ರಾಧಿಕಾರದ ಮಂಜೂರಾತಿ. ಇದು ನಗರ ಯೋಜನಾ ಕಾಯ್ದೆಯ 17ನೇ ಸೆಕ್ಷನ್. ಅದರ ಮೇಲೆ ಖಾತೆ, ಅದರ ಮೇಲೆ ಕಟ್ಟಡದ ನಕ್ಷೆ. ಭೂಪರಿವರ್ತನೆಯಾಗಿದ್ದೂ ಬಡಾವಣೆ ಮಂಜೂರಾಗದ ರೆವಿನ್ಯೂ ಸೈಟುಗಳು ಬೆಂಗಳೂರಿನ ಸುತ್ತ ಎಷ್ಟಿವೆ ಎಂಬುದು ಪೂರ್ತಿ ಸಕ್ರಮವಲ್ಲದ ಆಸ್ತಿಗಳ ಬಿ ಖಾತೆ ಹಿಡಿದು ಓಡಾಡುವವರಿಗೆಲ್ಲ ಗೊತ್ತು.

ಭೂಪರಿವರ್ತನೆಗೂ ಭೂಬಳಕೆ ಬದಲಾವಣೆಗೂ ಇರುವ ವ್ಯತ್ಯಾಸವನ್ನಂತೂ ಪತ್ರಿಕೆಗಳೂ ಗಮನಿಸುವುದಿಲ್ಲ. ಮೊದಲನೆಯದರಲ್ಲಿ ಪಹಣಿಯ ಜಮೀನು ಕೃಷಿಯೇತರವಾಗುತ್ತದೆ. ಎರಡನೆಯದರಲ್ಲಿ ಮಹಾಯೋಜನೆಯ ಬಣ್ಣವೇ ಬದಲಾಗುತ್ತದೆ. ಅದಕ್ಕೆ 14ಎ ಎಂಬ ಬೇರೆಯೇ ಸೆಕ್ಷನ್ ಇದೆ. ಕೈಗಾರಿಕೆಯ ನೇರಳೆಯಲ್ಲಿದ್ದ ಎಕರೆಗಳು ಒಂದೊಂದಾಗಿ ವಸತಿಯ ಹಳದಿಗೆ ತಿರುಗುವುದು ಈ ಬಾಗಿಲಿನಿಂದಲೇ. ಇಪ್ಪತ್ತು ವರ್ಷದ ನಕ್ಷೆಯನ್ನು ಸರ್ವೆ ನಂಬರ್ ಲೆಕ್ಕದಲ್ಲಿ ತಿದ್ದುತ್ತ ಹೋದರೆ ಕೊನೆಗೆ ಉಳಿಯುವುದು ಯಾರ ನಕ್ಷೆ ಎಂದು ಕೇಳಬೇಕಾಗುತ್ತದೆ.

ಹೆಸರಿನಲ್ಲಿರುವ ಇಸವಿಯೂ ಜನರನ್ನು ದಾರಿತಪ್ಪಿಸುತ್ತದೆ. ಬೆಂಗಳೂರಿನ ‘ಪರಿಷ್ಕೃತ ಮಹಾಯೋಜನೆ 2015’ ಆ ವರ್ಷ ತಯಾರಾದದ್ದಲ್ಲ. 2007ರ ಜೂನ್‌ನಲ್ಲಿ ಮಂಜೂರಾಗಿ 2015ರ ತನಕದ ಊರನ್ನು ಕಲ್ಪಿಸಿಕೊಂಡದ್ದು. ಅದರ ಮುಂದಿನ ಕರಡು, 2031ರದ್ದು, 2017ರ ನವೆಂಬರ್‌ನಲ್ಲಿ ಪ್ರಕಟವಾಯಿತು. 2020ರಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ಹೀಗಾಗಿ 2015 ಮುಗಿದು ವರ್ಷಗಳಾದ ಮೇಲೂ ಬೆಂಗಳೂರಿನ ಕಟ್ಟಡಗಳಿಗೆ ಅಳತೆಗೋಲು ಅದೇ ಹಳೆಯ ನಕ್ಷೆ. ಕೆರೆಗೆ 30 ಮೀಟರ್, ರಾಜಕಾಲುವೆಗಳಿಗೆ ದರ್ಜೆಯ ಪ್ರಕಾರ 50, 25, 15 ಮೀಟರ್ ಬಿಡಬೇಕು ಎಂಬ ನಿಯಮ ಬಂದದ್ದೂ ಅದರಿಂದಲೇ. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೆರೆಯ ಅಂಚನ್ನು 75 ಮೀಟರ್‌ಗೆ ಏರಿಸಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. ಶಾಸನಬದ್ಧ ಮಹಾಯೋಜನೆಯ ಅಳತೆಯೇ ಮತ್ತೆ ಊರ್ಜಿತವಾಯಿತು. ಮಹಾಯೋಜನೆ ಬರೀ ಕಾಗದ ಎನ್ನುವವರು ಇದನ್ನು ಒಮ್ಮೆ ಗಮನಿಸಬೇಕು.

ಮಹಾಯೋಜನೆ ಮಾಡುವವರು ಯಾರು? ಸಂವಿಧಾನದ 74ನೇ ತಿದ್ದುಪಡಿ ತಂದ ಹನ್ನೆರಡನೇ ಅನುಸೂಚಿಯಲ್ಲಿ ನಗರ ಯೋಜನೆಯೇ ಮೊದಲ ಬಾಬತ್ತು, ಭೂಬಳಕೆ ನಿಯಂತ್ರಣ ಎರಡನೆಯದು, ಆರ್ಥಿಕ ಮತ್ತು ಸಾಮಾಜಿಕ ಅಭಿವೃದ್ಧಿಯ ಯೋಜನೆ ಮೂರನೆಯದು. ಮೂರನ್ನೂ ರಾಜ್ಯಗಳು ನಗರಸಂಸ್ಥೆಗಳಿಗೆ ವಹಿಸಬಹುದು. ಆದರೂ 2015ರ ಯೋಜನೆಯನ್ನೂ 2031ರ ಕರಡನ್ನೂ ರೂಪಿಸಿದ್ದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ. ಚುನಾಯಿತ ಪಾಲಿಕೆ ಪಕ್ಕದಲ್ಲಿ ನಿಂತು ನೋಡಿತು. ಇಂಗ್ಲೆಂಡಿನಲ್ಲಿ ಇದಕ್ಕೆ ‘ಲೋಕಲ್ ಪ್ಲಾನ್’ ಎಂದು ಹೆಸರು. ನಮ್ಮ ಕಾಯ್ದೆಯ ಹೆಸರು ಅಲ್ಲಿಯ 1947ರ ಕಾಯ್ದೆಯ ಹೆಸರೇ ಆದರೂ ಅಲ್ಲಿ ಯೋಜನೆ ಮಾಡುವುದು ಸ್ಥಳೀಯ ಕೌನ್ಸಿಲ್. ಎಷ್ಟು ಮನೆ, ಎಲ್ಲಿ ಉದ್ಯೋಗ, ಯಾವ ಬಯಲನ್ನು ಮುಟ್ಟಬಾರದು ಎಂಬುದು ಒಂದೇ ದಸ್ತಾವೇಜಿನಲ್ಲಿ ಬರುತ್ತದೆ. ಸ್ವತಂತ್ರ ಇನ್‌ಸ್ಪೆಕ್ಟರ್ ಒಬ್ಬರು ಅದನ್ನು ಬಹಿರಂಗವಾಗಿ ಪರೀಕ್ಷಿಸುತ್ತಾರೆ. ನಮ್ಮ ವರದಿಗಳಲ್ಲೂ ಆರ್ಥಿಕತೆಗೆ ಅಧ್ಯಾಯವಿರುತ್ತದೆ, ಆದರೆ ಕಾನೂನಿನ ಹಲ್ಲು ಇರುವುದು ಬಣ್ಣದ ನಕ್ಷೆಗೆ ಮತ್ತು ವಲಯ ನಿಯಮಾವಳಿಗೆ ಮಾತ್ರ.

ಕರಡು ಪ್ರಕಟವಾದ ಮೇಲೆ ಆಕ್ಷೇಪಣೆಗೆ ಕಾಯ್ದೆ ಕೊಡುವ ಕಾಲ 60 ದಿನ. 2017ರ ಕರಡಿಗೆ ಸಾವಿರಾರು ಆಕ್ಷೇಪಣೆಗಳು ಹೋದವು. ‘ನಗರ ಹಾಳಾಗುತ್ತಿದೆ, ಕ್ರಮ ಕೈಗೊಳ್ಳಿ’ ಎಂದು ಬರೆದ ಅರ್ಜಿಗೆ ಇಲ್ಲಿ ಕಿಮ್ಮತ್ತಿಲ್ಲ. ಗ್ರಾಮದ ಹೆಸರು, ಸರ್ವೆ ನಂಬರ್, ಕರಡಿನಲ್ಲಿ ಕೊಟ್ಟ ಬಣ್ಣ, ಅಲ್ಲಿ ಈಗ ನಿಜವಾಗಿ ಏನಿದೆ, ನಿಯಮಾವಳಿಯ ಯಾವ ಅಂಶ ಬದಲಾಗಬೇಕು ಎಂದು ಬರೆದರೆ ಯೋಜನಾ ಪ್ರಾಧಿಕಾರ ಅದನ್ನು ಪರಿಶೀಲಿಸಲೇಬೇಕು.